ತನ್ನ ಪಾಡಿಗೆ ತಾನಿರುವವನೂ ಸರ್ಕಾರದ ಲೆಕ್ಕವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕೊಬ್ಬರಿಯ ಅಟ್ಟವೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಬಲಿತ ಕಾಯಿಯನ್ನು ಸುಲಿಯದೆಯೇ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ಗಿಟುಕು ಚಿಪ್ಪನ್ನು ಬಿಟ್ಟು ಸಡಿಲವಾಗುತ್ತದೆ. ಹೊರಗಿನಿಂದ ನೋಡಿದರೆ ಆದ ಕಾಯಿಗೂ ಆಗದ ಕಾಯಿಗೂ ಭೇದವಿಲ್ಲ. ಕಿವಿಯ ಬಳಿಗೆ ಹಿಡಿದು ಅಲ್ಲಾಡಿಸಿ ಸದ್ದು ಕೇಳಿದವರಿಗೆ ಮಾತ್ರ ಅದು ತಿಳಿಯುತ್ತದೆ. ಇಂಥ ಅಟ್ಟಗಳ ನೆರಳಿನಲ್ಲಿ, ಬಹುಮಟ್ಟಿಗೆ ಪ್ರತಿಯೊಂದು ಊರಿನಲ್ಲಿಯೂ, ಒಬ್ಬನೋ ಒಬ್ಬಳೋ ಇರುತ್ತಾರೆ: ಕರೆದರೆ ತಿರುಗಿ ನೋಡರು, ಹಬ್ಬದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗುವರು, ತಟ್ಟೆ ಬದಲಾದರೆ ಊಟ ಬಿಡುವರು, ಆದರೆ ತೋಟದ ಒಂದೊಂದು ಮರದ ಫಲವನ್ನೂ ಬಾಯಲ್ಲಿಯೇ ಹೇಳುವರು. ಅವರನ್ನು ಕುರಿತು ನಮ್ಮ ಜನ ಆಡುವ ಮಾತು ಒಂದೇ: "ಅವನು ಅವನ ಪಾಡಿಗೆ ಅವನು."

ತಾಯಿತಂದೆಗಳ ನೆರಳು ಇರುವವರೆಗೆ ಇಂಥವರಿಗೆ ಬೇರೊಂದು ಹೆಸರನ್ನಿಡುವ ಅವಶ್ಯಕತೆ ಯಾರಿಗೂ ತೋರುವುದಿಲ್ಲ. ಆ ನೆರಳು ಸರಿಯುವ ಕಾಲ ಬಂದಾಗ ಹೆಸರೂ ಬೇಕಾಗುತ್ತದೆ, ಹೆಸರನ್ನು ಬರೆದ ಪತ್ರವೂ ಬೇಕಾಗುತ್ತದೆ. ಅರ್ಧ ಆಯುಷ್ಯ ಕಳೆಯುವವರೆಗೆ ಯಾವ ವೈದ್ಯನೂ ಹೆಸರಿಸದೆ ಬಿಟ್ಟ ಮನುಷ್ಯನು ಸರ್ಕಾರದೆದುರಿಗೆ ನಿಂತು ತನಗೆ ಸಲ್ಲತಕ್ಕುದನ್ನು ಕೇಳುವುದು ಹೇಗೆ? ಮೇಲುನೋಟಕ್ಕೆ ಇದು ಕಚೇರಿಯ ಪ್ರಶ್ನೆಯಾಗಿ ಕಾಣುತ್ತದೆ. ವಿಚಾರಿಸಿ ನೋಡಿದರೆ ಇದು ಇತಿಹಾಸದ ಪ್ರಶ್ನೆಯೆಂದು ಗೊತ್ತಾಗುತ್ತದೆ. ಏಕೆಂದರೆ ಆ ಮನುಷ್ಯನು ಹುಟ್ಟಿದ ಕಾಲಕ್ಕೂ ಆತನ ಸ್ಥಿತಿಗೆ ಕಾನೂನಿನಲ್ಲಿ ಹೆಸರು ಹುಟ್ಟಿದ ಕಾಲಕ್ಕೂ ನಡುವೆ ಬಿದ್ದಿರುವ ಅಂತರವೇ ಈ ತೊಡಕಿನ ಮೂಲವಾಗಿದೆ.

ನನಗೆ ಪರಿಚಿತವಾದ ಒಂದು ಮನೆಯ ವೃತ್ತಾಂತವನ್ನು ಮೊದಲು ನಿವೇದಿಸುತ್ತೇನೆ. ಮನೆ ತುರುವೇಕೆರೆಯ ಕಡೆಯದು. ಹೆಸರನ್ನು ಹೇಳುವುದು ಯುಕ್ತವಲ್ಲ. ಆ ಮನೆಯ ಹಿರಿಯ ಮಗ ೧೯೭೭ರಲ್ಲಿ ಹುಟ್ಟಿದವನು. ಐದು ವರ್ಷ ತುಂಬುವವರೆಗೆ ಆತನಿಗೆ ಮಾತು ಬರಲಿಲ್ಲ. ಬಂದಾಗ ಮೊದಲು ಬಂದದ್ದು ಎಣಿಕೆ. ಶಾಲೆಯಲ್ಲಿ ಲೆಕ್ಕದಲ್ಲಿ ಮೊದಲನೆಯವನಾಗಿ, ಉಳಿದುದರಲ್ಲಿ ಕೊನೆಯವನಾಗಿ, ಏಳನೆಯ ತರಗತಿಯವರೆಗೆ ಓದಿದನು. ಅಲ್ಲಿಂದೀಚೆಗೆ ತೋಟವೇ ಆತನ ಲೋಕ. ಕಾಯಿ ಕೀಳಿಸಿದ ದಿನ ಪ್ರತಿಯೊಂದು ಮರದ ಕೆಳಗೂ ನಿಂತು ಎಣಿಸುತ್ತಾನೆ. ಅಟ್ಟದಲ್ಲಿ ಯಾವ ಮೂಲೆಯ ಕಾಯಿ ಯಾವ ತಿಂಗಳಿನದೆಂದು ಹೇಳುತ್ತಾನೆ. ಆದರೆ ತಿಪಟೂರಿನ ಮಾರುಕಟ್ಟೆಗೆ ಒಮ್ಮೆ ಕರೆದುಕೊಂಡು ಹೋದಾಗ ಹರಾಜಿನ ಕೂಗಿಗೆ ಬೆದರಿ ಗಾಡಿಯ ಕೆಳಗೆ ಕುಳಿತವನನ್ನು ಎಬ್ಬಿಸುವುದಕ್ಕೆ ಸಾಯಂಕಾಲವಾಯಿತಂತೆ. ದುಡ್ಡಿನ ಮೊತ್ತವನ್ನು ಕೂಡಿಸಬಲ್ಲನು, ಆದರೆ ಅಂಗಡಿಯವನೊಡನೆ ಒಂದು ಮಾತನ್ನು ಆಡಲಾರನು. ಕೆಲವು ವರ್ಷಗಳ ಹಿಂದೆ ತಂದೆ ತೀರಿಕೊಂಡರು. ತಮ್ಮನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ತಾಯಿಗೆ ಎಪ್ಪತ್ತು ದಾಟಿದೆ.

೨೦೨೪ರಲ್ಲಿ ಆ ತಾಯಿ ಮಗನನ್ನು ಕರೆದುಕೊಂಡು ಅಂಗವಿಕಲರ ಮಾಸಾಶನವನ್ನು ಕೇಳಲು ಹೊರಟರು. ಮಾಸಾಶನಕ್ಕೆ ವೈಕಲ್ಯದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅರ್ಜಿಯನ್ನು ಊರಿನ ಕಂಪ್ಯೂಟರ್ ಕೇಂದ್ರದವನು ತುಂಬಿಕೊಟ್ಟನು. ಗೊತ್ತಾದ ದಿನ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತರು ಒರಟರೇನೂ ಆಗಿರಲಿಲ್ಲ. "ಎಷ್ಟು ದಿನದಿಂದ ಹೀಗಿದ್ದಾರಮ್ಮ?" ಎಂದು ಕೇಳಿದರು. "ಹುಟ್ಟಿದಾಗಿಂದ್ಲೂ ಹಿಂಗೇ ಸ್ವಾಮಿ" ಎಂದರು ಆಕೆ. "ಚಿಕ್ಕವಯಸ್ಸಿನಲ್ಲಿ ತೋರಿಸಿದ ಕಾಗದ ಪತ್ರ ಏನಾದರೂ ಇದೆಯೆ?" ಇರಲಿಲ್ಲ. "ಕಾಗದವಿಲ್ಲದೆ ಈಗ ನಲವತ್ತೇಳು ವರ್ಷದವರನ್ನು ಏನೆಂದು ಬರೆದುಕೊಳ್ಳಲಿ? ಕಾಗದ ಹುಡುಕಿಕೊಂಡು ಬನ್ನಿ" ಎಂದು ಗುಮಾಸ್ತರು ಹೇಳಿದರು. ತಾಯಿಮಗ ಇಬ್ಬರೂ ಬಸ್ಸು ಹತ್ತಿ ಊರಿಗೆ ಹಿಂದಿರುಗಿದರು.

ಈ ಕಾಗದವು ೧೯೭೭ರಿಂದೀಚೆಗೆ ಆ ಹಳ್ಳಿಯಲ್ಲಿ ಹುಟ್ಟುವುದು ಶಕ್ಯವಾಗಿತ್ತೆ ಎಂಬುದನ್ನು ವಿಚಾರಿಸುವುದು ಇಲ್ಲಿ ಅವಶ್ಯಕ. ಇಂದು ಆಟಿಸಂ ಎಂದೂ, ನಮ್ಮ ಸರ್ಕಾರದ ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯಲ್ಪಡುವ ಸ್ಥಿತಿಯ ಹೆಸರು ಗ್ರೀಕ್ ಭಾಷೆಯಲ್ಲಿ 'ತಾನು' ಎಂಬರ್ಥದ ಶಬ್ದದಿಂದ ಬಂದುದು. ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ಮನೋವೈದ್ಯನು ೧೯೧೧ರಲ್ಲಿ ಬೇರೊಂದು ಮನೋರೋಗದ ಲಕ್ಷಣವನ್ನು ವರ್ಣಿಸುವಾಗ ಇದನ್ನು ಬಳಸಿದನು. ೧೯೨೫ರಲ್ಲಿ ರಷ್ಯಾದ ಸುಖರೇವಾ ಎಂಬ ಮಹಿಳಾ ವೈದ್ಯೆ ಇಂಥ ಬಾಲಕರನ್ನು ಕುರಿತು ಬರೆದಳು. ಆಕೆಯ ಲೇಖನ ಬಹುಕಾಲ ಮರೆತುಹೋಗಿತ್ತು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ತನ್ನ ವರ್ಣನೆಯನ್ನು ಪ್ರಕಟಿಸಿದನು. ಅದೇ ೧೯೪೪ರಲ್ಲಿ, ವಿಯೆನ್ನಾದಿಂದ ಬಂದು ಡಾರ್ಜಿಲಿಂಗಿನಲ್ಲಿ ವೃತ್ತಿ ನಡೆಸುತ್ತಿದ್ದ ರೊನಾಲ್ಡ್ ಎಂಬ ಮಕ್ಕಳ ವೈದ್ಯನು ಭಾರತದ ಮಕ್ಕಳ ವೈದ್ಯಪತ್ರಿಕೆಯಲ್ಲಿ ಇದಕ್ಕೆ ಹತ್ತಿರವಾದ ಮಕ್ಕಳ ವಿಷಯವನ್ನು ಬರೆದನು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕವಾದ ಸ್ಥಾನ ದೊರೆತುದು ೧೯೮೦ರಲ್ಲಿ. ಎಂದರೆ, ನಮ್ಮ ತೋಟದ ಹುಡುಗನಿಗೆ ಮೂರು ವರ್ಷ ತುಂಬಿದ ಮೇಲೆ ಲೋಕದ ದೊಡ್ಡ ವೈದ್ಯರ ಪುಸ್ತಕದಲ್ಲಿಯೇ ಅದು ಬೇರೆಯಾಗಿ ಬರೆಯಲ್ಪಟ್ಟಿತು. ಅಂಥದನ್ನು ಆ ಕಾಲದಲ್ಲಿ ಹೋಬಳಿಯ ದವಾಖಾನೆಯ ವೈದ್ಯರು ಬರೆದುಕೊಡಬೇಕಾಗಿತ್ತೆಂದರೆ ಅದು ನ್ಯಾಯವಾದ ಮಾತಾಗಲಾರದು.

ಇಷ್ಟನ್ನು ಹೇಳಿದ ಮೇಲೆ ಒಂದು ಸ್ವಾರಸ್ಯವನ್ನು ಗಮನಿಸದೆ ಬಿಡಲಾಗದು. ಪಂಡಿತರು ಗ್ರೀಕಿನಿಂದ ತೆಗೆದ ಶಬ್ದಕ್ಕೂ "ಅವನ ಪಾಡಿಗೆ ಅವನು" ಎಂಬ ನಮ್ಮ ಹಳ್ಳಿಯವರ ಮಾತಿಗೂ ಅರ್ಥದಲ್ಲಿ ಭೇದವಿಲ್ಲ. ಆದುದರಿಂದ ನಮ್ಮವರಿಗೆ ತಿಳಿದಿರಲಿಲ್ಲವೆಂದು ಹೇಳುವುದು ತಪ್ಪು. ತಿಳಿದಿತ್ತು, ತಿಳಿದುದು ಕಾಗದಕ್ಕೆ ಬಂದಿರಲಿಲ್ಲ.

ಇನ್ನು ಸರ್ಕಾರದ ಲೆಕ್ಕದ ವಿಷಯ. ಈ ದೇಶದಲ್ಲಿ ಜನಗಣತಿ ಆರಂಭವಾದಂದಿನಿಂದಲೂ ವಿಕಲರನ್ನು ಎಣಿಸುವ ಪ್ರಯತ್ನ ನಡೆದಿದೆ. ೧೮೮೧ರಿಂದ ೧೯೩೧ರವರೆಗಿನ ಗಣತಿಗಳಲ್ಲಿ ನಾಲ್ಕು ವೈಕಲ್ಯಗಳನ್ನು ಬರೆದುಕೊಳ್ಳುತ್ತಿದ್ದರು: ಚಿತ್ತಭ್ರಮೆ, ಕಿವುಡುಮೂಗುತನ, ಕುರುಡು, ಕುಷ್ಠ. ಗಣತಿಯವನು ಮನೆಯ ಮುಂದೆ ನಿಂತು ಕೇಳಿದಾಗ, ಮಾತನಾಡಬಲ್ಲ, ಕೇಳಬಲ್ಲ, ನೋಡಬಲ್ಲ, ಯಾರಿಗೂ ಕೇಡು ಮಾಡದ ಒಬ್ಬ ಮಗನನ್ನು ಈ ನಾಲ್ಕರಲ್ಲಿ ಯಾವುದರ ಕೆಳಗೆ ಬರೆಸುವುದು? ಹುಚ್ಚನೆಂದು ಬರೆಸುವುದಕ್ಕೆ ಯಾವ ತಾಯಿಯ ಬಾಯೂ ಬಾರದು. ಆದುದರಿಂದ ಆತನು ಸ್ವಸ್ಥರ ಲೆಕ್ಕದಲ್ಲಿಯೇ ಉಳಿಯುತ್ತಿದ್ದನೆಂದು ಊಹಿಸುವುದು ಸಹಜವಾಗಿದೆ. ೧೯೪೧ರಿಂದ ಈ ಎಣಿಕೆಯೇ ನಿಂತಿತು. ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾದ ೧೯೮೧ರ ಗಣತಿಗೆ ಮತ್ತೆ ಎಣಿಸಿದರಾದರೂ ಆಗ ಕೇಳಿದುದು ಪೂರ್ಣ ಕುರುಡರು, ಪೂರ್ಣ ಹೆಳವರು, ಪೂರ್ಣ ಮೂಗರು ಎಷ್ಟು ಮಂದಿ ಎಂಬುದನ್ನು ಮಾತ್ರ. ೧೯೯೧ರಲ್ಲಿ ಪುನಃ ಬಿಟ್ಟರು. ೨೦೦೧ರಲ್ಲಿ ಐದು ವಿಧಗಳನ್ನೂ ೨೦೧೧ರಲ್ಲಿ ಎಂಟು ವಿಧಗಳನ್ನೂ ಬರೆದುಕೊಂಡರು. ೨೦೧೧ರ ಗಣತಿಯಲ್ಲಿ ದೇಶದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ೧೩.೨೪ ಲಕ್ಷ ಮಂದಿ ವಿಕಲರೆಂದು ಲೆಕ್ಕಕ್ಕೆ ಬಂದರು. ಸ್ವಲೀನತೆಗೆಂದು ಆಗಲೂ ಪ್ರತ್ಯೇಕವಾದ ಅಂಕಣವಿರಲಿಲ್ಲ.

ವೈದ್ಯಶಾಲೆಗಳು ನಮ್ಮ ಸೀಮೆಗೆ ದೂರವಾಗಿರಲಿಲ್ಲ. ಬೆಂಗಳೂರಿನಲ್ಲಿ ೧೮೪೭ರ ಸುಮಾರಿಗೆ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯನ್ನು ಮೈಸೂರು ಸರ್ಕಾರದವರು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಕರೆದರು. ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಆ ಕಟ್ಟಡದ ಕೀರ್ತಿ ಬೇರೆಯಾಗಿತ್ತು. ಹೊಡೆಯುವವನನ್ನು, ಬಟ್ಟೆ ಹರಿದುಕೊಳ್ಳುವವನನ್ನು ಅಲ್ಲಿಗೆ ಒಯ್ಯುತ್ತಿದ್ದರೇ ಹೊರತು ಸುಮ್ಮನೆ ಕುಳಿತು ಕಾಯಿ ಎಣಿಸುವವನನ್ನು ಒಯ್ಯುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಕಾನೂನಿನ ಗತಿಯೂ ಇದೇ ರೀತಿಯಲ್ಲಿ ನಿಧಾನವಾಗಿತ್ತು. ೧೯೮೭ರ ಮಾನಸಿಕ ಆರೋಗ್ಯ ಅಧಿನಿಯಮವು ಬುದ್ಧಿಮಾಂದ್ಯವನ್ನು ಹೊರಗಿಟ್ಟು, ಚಿಕಿತ್ಸೆಯ ಅಗತ್ಯವಿದ್ದ ಮನೋರೋಗಿಯನ್ನು ಮಾತ್ರ ಗಮನಿಸಿತು. ೧೯೯೫ರಲ್ಲಿ ವಿಕಲರ ಹಕ್ಕುಗಳಿಗಾಗಿಯೇ ಒಂದು ಅಧಿನಿಯಮವು ಬಂದಿತು. ಅದರಲ್ಲಿ ಏಳು ವೈಕಲ್ಯಗಳಿದ್ದವು: ಅಂಧತ್ವ, ಮಂದದೃಷ್ಟಿ, ಗುಣವಾದ ಕುಷ್ಠ, ಶ್ರವಣದೋಷ, ಚಲನವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ. ಏಳರಲ್ಲಿ ಸ್ವಲೀನತೆಯಿಲ್ಲ. ಆ ಕಾಲದಲ್ಲಿ ಇಂಥವನೊಬ್ಬನಿಗೆ ಪ್ರಮಾಣಪತ್ರ ಬೇಕಾದರೆ ಬುದ್ಧಿಮಾಂದ್ಯನೆಂದೋ ಮನೋರೋಗಿಯೆಂದೋ ಬರೆಸಿಕೊಳ್ಳಬೇಕಾಗಿತ್ತು. ಬುದ್ಧಿಯ ಅಳತೆಯಲ್ಲಿ ಕೊರತೆ ಕಾಣದವನಿಗೆ, ಲೆಕ್ಕದಲ್ಲಿ ತರಗತಿಗೇ ಮೊದಲನೆಯವನಾದವನಿಗೆ, ಬಾಗಿಲೇ ಇರಲಿಲ್ಲ. ಆ ಅಧಿನಿಯಮ ಬಂದಾಗ ನಮ್ಮ ಕಥೆಯ ಮನುಷ್ಯನಿಗೆ ಹದಿನೆಂಟು ವರ್ಷ.

ಈ ಬಾಗಿಲನ್ನು ತೆರೆಯಿಸಿದವರಲ್ಲಿ ಮುಂದೆ ನಿಂತವರು ತಾಯಿತಂದೆಗಳು. ಮೆರಿ ಬರುವಾ ಎಂಬ ತಾಯಿ ೧೯೯೧ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಎಂಬ ಸಂಸ್ಥೆಯನ್ನು ಆರಂಭಿಸಿದರು. ೧೯೯೯ರ ನ್ಯಾಷನಲ್ ಟ್ರಸ್ಟ್ ಅಧಿನಿಯಮದಲ್ಲಿ ಸ್ವಲೀನತೆಯ ಹೆಸರು ಸೇರಿತು. ಹದಿನೆಂಟು ದಾಟಿದ ಮೇಲೂ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರದವನಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಟ್ಟಿತು. ಭಾರತವು ೨೦೦೭ರ ಅಕ್ಟೋಬರ್ ೧ರಂದು ವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ೨೦೧೬ರ ಏಪ್ರಿಲ್ ೨೫ರಂದು ಸ್ವಲೀನತೆಯನ್ನು ಅಳೆದು ಪ್ರಮಾಣಪತ್ರ ಕೊಡುವ ವಿಧಾನ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಂಗೀಕೃತವಾಗಿ ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದ ಹೊಸ ಅಧಿನಿಯಮವು ಏಳು ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಏರಿಸಿ, ಅವುಗಳಲ್ಲಿ ಸ್ವಲೀನತೆಯನ್ನೂ ಸೇರಿಸಿತು. ಸರ್ಕಾರಿ ಉದ್ಯೋಗಗಳಲ್ಲಿ ವಿಕಲರಿಗೆ ಶೇಕಡ ೪ರಷ್ಟು ಸ್ಥಾನವನ್ನು ಮೀಸಲಿಟ್ಟು, ಅದರಲ್ಲಿ ಸ್ವಲೀನತೆಯವರಿಗೂ ಪಾಲು ಕೊಟ್ಟಿತು. ಆ ಹೊತ್ತಿಗೆ ನಮ್ಮ ಮನುಷ್ಯನಿಗೆ ಮೂವತ್ತೊಂಬತ್ತು ತುಂಬಿತ್ತು. ಆತನ ಕೂದಲು ನರೆಯತೊಡಗಿದ ಮೇಲೆ ಆತನ ಹೆಸರು ಕಾನೂನಿಗೆ ಬಂದಿತೆಂದರೆ ಅತಿಶಯೋಕ್ತಿಯಾಗಲಾರದು.

ಹೆಸರು ಬಂದಿತು; ಅಳತೆಗೋಲೂ ಬಂದಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಸಿದ್ಧಪಡಿಸಿದ ಭಾರತೀಯ ಮಾಪಕದಲ್ಲಿ ನಲವತ್ತು ವಿಷಯಗಳಿವೆ. ಜನರೊಡನೆ ಬೆರೆಯುವ ರೀತಿ, ಭಾವವನ್ನು ತೋರುವ ರೀತಿ, ಮಾತು, ನಡವಳಿಕೆ, ಇಂದ್ರಿಯಗಳ ಸೂಕ್ಷ್ಮತೆ, ತಿಳಿವಳಿಕೆ ಎಂಬ ಆರು ಭಾಗಗಳಲ್ಲಿ ಅವು ಹಂಚಿಹೋಗಿವೆ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಟ್ಟು ೭೦ಕ್ಕಿಂತ ಕಡಿಮೆಯಾದರೆ ಸ್ವಲೀನತೆಯಿಲ್ಲವೆಂದೂ, ೭೦ಕ್ಕೆ ಮುಟ್ಟಿದರೆ ಶೇಕಡ ೪೦ರ ವೈಕಲ್ಯವೆಂದೂ, ೧೫೮ನ್ನು ಮೀರಿದರೆ ಶೇಕಡ ೧೦೦ ಎಂದೂ ಗಣಿಸುವುದು ೨೦೧೬ರಲ್ಲಿ ಗೊತ್ತುಪಡಿಸಿದ ಕ್ರಮ. ಶೇಕಡ ೪೦ ಎಂಬುದು ಸಣ್ಣ ಸಂಖ್ಯೆಯಲ್ಲ. ಮಾಸಾಶನ ಮೊದಲಾದ ಅನೇಕ ಸೌಲಭ್ಯಗಳ ಹೊಸ್ತಿಲು ಅದೇ. ೨೦೨೧ರ ಜುಲೈ ೨೮ರಂದು ಕರ್ನಾಟಕ ಸರ್ಕಾರದವರು ಶೇಕಡ ೪೦ರಿಂದ ೭೫ರವರೆಗಿನ ವೈಕಲ್ಯದವರ ಮಾಸಾಶನವನ್ನು ೬೦೦ ರೂಪಾಯಿಗಳಿಂದ ೮೦೦ ರೂಪಾಯಿಗಳಿಗೆ ಏರಿಸಿದುದನ್ನು ವಾಚಕರು ಬಲ್ಲರು.

ಈ ಮಾಪಕದ ಮುಂದೆ ಮಗುವನ್ನು ಕೂರಿಸುವುದು ಒಂದು ಬಗೆ, ಐವತ್ತರ ಸಮೀಪದ ಮನುಷ್ಯನನ್ನು ಕೂರಿಸುವುದು ಮತ್ತೊಂದು ಬಗೆ. ಮಗುವಿನ ಸ್ವಭಾವ ಮುಚ್ಚುಮರೆಯಿಲ್ಲದ್ದು. ದೊಡ್ಡವನಾದರೋ ನಲವತ್ತು ವರ್ಷಗಳ ಗದರಿಕೆಯಿಂದ ಕಲಿತಿರುತ್ತಾನೆ: ಕೈಯನ್ನು ಅಲ್ಲಾಡಿಸಬಾರದು, ಬಂದವರಿಗೆ ನಮಸ್ಕಾರ ಮಾಡಬೇಕು, ಕೇಳಿದ ಪ್ರಶ್ನೆಗೆ ಹೂಂ ಎನ್ನಬೇಕು. ಕಾಲು ಗಂಟೆಯ ಮಟ್ಟಿಗೆ ಆತನು ಎಲ್ಲರಂತೆ ಕಾಣಬಹುದು. ಆದುದರಿಂದಲೇ ಇಂಥವರ ಬಾಲ್ಯವನ್ನು ಬಲ್ಲವರ ಸಾಕ್ಷ್ಯವು ವೈದ್ಯರಿಗೆ ಬೇಕಾಗುತ್ತದೆ. ಲಕ್ಷಣಗಳು ಬಾಲ್ಯದಿಂದಲೇ ಇದ್ದಿರಬೇಕೆಂಬುದು ವೈದ್ಯಶಾಸ್ತ್ರದ ನಿಯಮವೇ ಆಗಿದೆ. ಗುಮಾಸ್ತರು ಕಾಗದವನ್ನು ಕೇಳಿದುದು ಹುಟ್ಟುಕುಹಕದಿಂದಲ್ಲ. ಸುಳ್ಳು ಪ್ರಮಾಣಪತ್ರಗಳನ್ನು ತಂದು ನಿಜವಾದ ವಿಕಲರ ಪಾಲನ್ನು ಕಬಳಿಸುವವರೂ ಲೋಕದಲ್ಲಿರುವುದರಿಂದ ಎಚ್ಚರಿಕೆ ಅವರ ಧರ್ಮ.

ಆದರೆ ಎಚ್ಚರಿಕೆ ಬೇರೆ, ಬಾಗಿಲು ಹಾಕುವುದು ಬೇರೆ. ಕಾನೂನು ಹೇಳುವುದೇನೆಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ತಿಳಿದಿರತಕ್ಕದ್ದು. ೨೦೧೭ರ ನಿಯಮಗಳಲ್ಲಿ ಅರ್ಜಿಯೊಡನೆ ಕೇಳಿದುದು ವಾಸಸ್ಥಳದ ಪುರಾವೆ, ಭಾವಚಿತ್ರ, ಆಧಾರ್ ಸಂಖ್ಯೆ ಇಷ್ಟನ್ನೇ. ಬಾಲ್ಯದಲ್ಲಿಯೇ ರೋಗನಿರ್ಣಯವಾಗಿರಬೇಕೆಂಬ ಷರತ್ತನ್ನು ಅಲ್ಲಿ ವಿಧಿಸಿರಲಿಲ್ಲ. ನಿರ್ಣಯ ಮಾಡತಕ್ಕದ್ದು ಮಂಡಳಿಯ ಕೆಲಸವೇ ಹೊರತು ಅರ್ಜಿದಾರನು ಮೊದಲೇ ಮಾಡಿಸಿ ತರತಕ್ಕ ವಸ್ತುವಲ್ಲ. ಅರ್ಜಿಯನ್ನು ತಿರಸ್ಕರಿಸುವುದಾದರೆ ಅಧಿಕಾರಿಯು ಅದನ್ನು ಬರೆವಣಿಗೆಯಲ್ಲಿ ತಿಳಿಸಬೇಕು; ಆ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿದೆ. ಇಷ್ಟೇ ಅಲ್ಲದೆ, ೨೦೨೧ರ ಫೆಬ್ರವರಿ ೧೧ರಂದು ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆ‌ಳೆತಕ್ಕೆ ಸಿಕ್ಕುತ್ತಿದ್ದ ಆತನಿಗೆ ಶೇಕಡ ೪೦ರ ಮಟ್ಟವಿಲ್ಲವೆಂಬ ಕಾರಣದಿಂದ ಪರೀಕ್ಷೆಯಲ್ಲಿ ಬರೆಹಗಾರನನ್ನು ನಿರಾಕರಿಸಿದ್ದರು. ಶೇಕಡ ೪೦ ಎಂಬುದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಇಟ್ಟ ಗೆರೆಯೇ ಹೊರತು ವಿಕಲನಾದವನು ಮನುಷ್ಯನಾಗಿ ಪಡೆಯತಕ್ಕ ಅನುಕೂಲಗಳಿಗೆಲ್ಲ ಅದೇ ಗೆರೆಯಲ್ಲವೆಂದು ನ್ಯಾಯಾಲಯವು ತೀರ್ಪಿತ್ತಿತು.

ಹಾಗಾದರೆ ಕಾಗದವಿಲ್ಲದವನ ಬಾಲ್ಯಕ್ಕೆ ಸಾಕ್ಷಿ ಯಾವುದು? ಇದಕ್ಕೆ ಉತ್ತರವನ್ನು ಈ ಶಾಸ್ತ್ರದ ಹುಟ್ಟಿನಲ್ಲಿಯೇ ಕಾಣಬಹುದು. ಕ್ಯಾನರನು ೧೯೪೩ರಲ್ಲಿ ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪಿ ಪ್ರಾಂತದ ಡೊನಾಲ್ಡ್ ಟ್ರಿಪ್ಲೆಟ್. ೧೯೩೮ರಲ್ಲಿ ಆತನನ್ನು ಬಾಲ್ಟಿಮೋರಿಗೆ ಕರೆತರುವ ಮೊದಲು ಆತನ ತಂದೆ ಮಗನ ನಡವಳಿಕೆಯನ್ನು ಹುಟ್ಟಿದಂದಿನಿಂದ ವಿವರಿಸಿ ಮೂವತ್ತಮೂರು ಪುಟಗಳ ಕಾಗದವೊಂದನ್ನು ಬರೆದು ಕಳುಹಿಸಿದ್ದನು. ಆ ತಂದೆ ವಕೀಲ, ವೈದ್ಯನಲ್ಲ. ಸ್ಥಿತಿಯ ಹೆಸರು ಆತನಿಗೆ ಗೊತ್ತಿರಲಿಲ್ಲ. ಗೊತ್ತಿರುವ ಸಂಭವವೂ ಇರಲಿಲ್ಲ. ಕಂಡುದನ್ನು ಕಂಡಂತೆ ಬರೆದಿದ್ದನು. ಕ್ಯಾನರನ ಪ್ರಸಿದ್ಧ ಲೇಖನದ ತಳಪಾಯದಲ್ಲಿ ಆ ಕಾಗದವಿದೆ. ಮನೆಯವರ ಸಾಕ್ಷ್ಯವನ್ನು ಎರಡನೆಯ ದರ್ಜೆಯದೆಂದು ಬಗೆಯುವವರು ಇದನ್ನು ನೆನೆಯಬೇಕು.

ಡೊನಾಲ್ಡನ ಮುಂದಿನ ಬಾಳೂ ನಮ್ಮ ಸೀಮೆಯವರು ಕೇಳಬೇಕಾದುದೇ. ೧೯೪೨ರಲ್ಲಿ, ಒಂಬತ್ತು ವರ್ಷದ ಆತನನ್ನು ಮನೆಯಿಂದ ಸುಮಾರು ಹತ್ತು ಮೈಲಿ ದೂರದ ಒಬ್ಬ ರೈತ ದಂಪತಿಗಳ ಬಳಿ ಇರಿಸಿದರು. ಅಳೆಯುವ ಹುಚ್ಚಿದ್ದ ಹುಡುಗನಿಗೆ ಆ ರೈತನು ಬಾವಿಯನ್ನು ತೋಡುವುದಕ್ಕೂ ಅದರ ಆಳವನ್ನು ಅಳೆದು ಹೇಳುವುದಕ್ಕೂ ಹಚ್ಚಿದನು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನಿಗೆ, ಉಳುತ್ತಾ ಎಣಿಸು ಎಂದು ನೇಗಿಲನ್ನು ಕೈಗೆ ಕೊಟ್ಟನು. ಆ ಹುಡುಗನು ಮುಂದೆ ಓದಿ, ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ೨೦೨೩ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ರೈತನು ಮಾಡಿದುದನ್ನು ನಮ್ಮ ತೋಟಗಳ ಯಜಮಾನರು ಯಾವ ಶಾಸ್ತ್ರವನ್ನೂ ಓದದೆ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಎಣಿಸುವವನಿಗೆ ಎಣಿಸುವ ಕೆಲಸವನ್ನು ಕೊಟ್ಟಿದ್ದಾರೆ.

ಇದರಿಂದಲೇ ಕೆಲವರು ಕೇಳುವ ಪ್ರಶ್ನೆಯೊಂದಿದೆ: "ತೋಟದಲ್ಲಿ ನೆಮ್ಮದಿಯಾಗಿರುವವನಿಗೆ ಹೆಸರೇಕೆ, ಪತ್ರವೇಕೆ? ಮನೆಯ ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತು." ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೂಡುಕುಟುಂಬವೂ ತೋಟವೂ ಅಟ್ಟವೂ ಇದ್ದ ಕಾಲದಲ್ಲಿ ಅವೇ ಆತನ ಪ್ರಮಾಣಪತ್ರ, ಅವೇ ಆತನ ಮಾಸಾಶನ. ಆದರೆ ಆ ಕಾಲ ಹಾಗೆಯೇ ಉಳಿದಿದೆಯೆ? ೧೯೯೮ರ ಬಳಿಕ ದಕ್ಷಿಣದ ತೆಂಗಿನ ಸೀಮೆಗಳಿಗೆ ಹಬ್ಬಿದ ನುಸಿಯ ಪೀಡೆಯಿಂದ ಕಾಯಿ ಕುಗ್ಗಿ ಹೋದುದನ್ನು ನಾವೆಲ್ಲ ಕಂಡಿದ್ದೇವೆ. ತೋಟಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿವೆ. ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಿವೆ. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ. ಹಳೆಯ ಆಶ್ರಯವು ಕರಗುತ್ತಿರುವಾಗ ಹೊಸ ಆಶ್ರಯವನ್ನು ಕೇಳುವುದು ನಾಚಿಕೆಯ ವಿಷಯವಲ್ಲ. ಹೆಸರಿನಿಂದ ಬರುವ ಕಷ್ಟ ಒಂದಾದರೆ, ಹೆಸರಿಲ್ಲದುದರಿಂದ ಬರುವ ಕಷ್ಟ ಮತ್ತೊಂದು. ಹೆಸರಿಲ್ಲದವನಿಗೆ ಲೋಕವು ತಾನೇ ಹೆಸರಿಡುತ್ತದೆ. ಸೋಮಾರಿ, ಪೆದ್ದ, ಹುಚ್ಚ ಎಂಬುವು ಆ ಹೆಸರುಗಳು.

ಇನ್ನು ಕಥೆಯನ್ನು ಮುಗಿಸುತ್ತೇನೆ. ಊರಿಗೆ ಹಿಂದಿರುಗಿದ ತಾಯಿ ಆ ರಾತ್ರಿ ಕಾಗದದ ವಿಷಯವನ್ನೇ ಯೋಚಿಸುತ್ತ, ತೀರಿಹೋದ ಯಜಮಾನರ ಹಳೆಯ ಲೆಕ್ಕದ ಪುಸ್ತಕಗಳು ಅಟ್ಟದ ಪೆಟ್ಟಿಗೆಯಲ್ಲಿರುವುದನ್ನು ನೆನೆದರು. ಆಕೆಗೆ ಓದು ಬಾರದು. ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಓದಿಸಿದರು. ಎಷ್ಟು ಕಾಯಿ ಕಿತ್ತಿತು, ಕೊಬ್ಬರಿ ಯಾವ ಧಾರಣೆಗೆ ಹೋಯಿತು, ಆಳಿಗೆ ಕೊಟ್ಟುದೆಷ್ಟು ಎಂಬ ಬರೆವಣಿಗೆಯ ನಡುನಡುವೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಹುಡುಗನ ವಿಷಯವೂ ಇತ್ತು. ನಾಲ್ಕು ವರ್ಷವಾದರೂ ಮಾತು ಬಾರದುದಕ್ಕೆ ಹರಕೆ ಹೊತ್ತುದು. ಐದನೆಯ ವರ್ಷ ಒಂದು ದಿನ ಅಂಗಳದ ಕಾಯಿಗಳನ್ನು ನೂರರವರೆಗೆ ಎಣಿಸಿದುದು. ಜಾತ್ರೆಯಲ್ಲಿ ತಮಟೆಗೆ ಬೆದರಿ ಎರಡು ದಿನ ಅನ್ನ ಬಿಟ್ಟುದು. ಮೇಷ್ಟರು ಬಂದು, ಹುಡುಗ ಯಾರ ಮುಖವನ್ನೂ ನೋಡುವುದಿಲ್ಲವೆಂದು ಹೇಳಿಹೋದುದು. ಎಲ್ಲಕ್ಕೂ ತಾರೀಖಿತ್ತು. ಮಿಸಿಸಿಪಿಯ ವಕೀಲನು ಮೂವತ್ತಮೂರು ಪುಟಗಳಲ್ಲಿ ಮಾಡಿದ ಕೆಲಸವನ್ನು ತುರುವೇಕೆರೆ ಕಡೆಯ ಒಬ್ಬ ರೈತರು ಕಾಯಿಲೆಕ್ಕದ ಮಧ್ಯೆ, ತಾವು ಮಾಡುತ್ತಿರುವುದೇನೆಂದು ಅರಿಯದೆಯೇ, ಮಾಡಿಟ್ಟಿದ್ದರು.

ಆ ಪುಸ್ತಕಗಳನ್ನೂ ಶಾಲೆಯ ದಾಖಲಾತಿಯ ಪ್ರತಿಯನ್ನೂ ತೆಗೆದುಕೊಂಡು ತಾಯಿಮಗ ಮತ್ತೆ ಹೋದರು. ಮಂಡಳಿಯ ವೈದ್ಯರು ಪುಟಗಳನ್ನು ತಿರುವಿ ಬಹಳ ಹೊತ್ತು ಓದಿ, ತಾಯಿಯನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಇನ್ನೂ ಎರಡು ಸಲ ಬರಹೇಳಿ, ಕೊನೆಗೆ ಪ್ರಮಾಣಪತ್ರವನ್ನು ಕೊಟ್ಟರು. ಮಾಸಾಶನ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಕುಟುಂಬದ ಆದಾಯದ ಮಿತಿಯುಂಟು. ತೋಟವು ಇನ್ನೂ ಒಟ್ಟು ಖಾತೆಯಲ್ಲಿರುವುದರಿಂದ ವಿಚಾರಣೆ ನಡೆಯುತ್ತಿದೆ. ಇದನ್ನು ಕೇಳಿ ನಾನು ವ್ಯಸನಪಟ್ಟಾಗ ಆ ತಾಯಿ ಹೇಳಿದುದಿಷ್ಟು: "ದುಡ್ಡು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ ಸ್ವಾಮಿ. ನಾನು ಹೋದ್ಮೇಲೆ ಇವನು ಹುಚ್ಚನಲ್ಲ, ಸೋಮಾರಿಯಲ್ಲ ಅಂತ ಹೇಳೋಕೆ ಒಂದು ಕಾಗದ ಆಯ್ತು." ಮುಂದೆ ಪಾಲಕರ ನೇಮಕಕ್ಕಾಗಿ ಜಿಲ್ಲೆಯ ಸಮಿತಿಯ ಮುಂದೆ ಹೋಗುವುದಕ್ಕೂ ಅದೇ ಕಾಗದವು ಆಧಾರವಾಗುತ್ತದೆ.

ಎಲ್ಲ ಮನೆಗಳಲ್ಲಿಯೂ ಇಂಥ ಲೆಕ್ಕದ ಪುಸ್ತಕಗಳಿರುವುದಿಲ್ಲ. ಇದ್ದಲ್ಲಿಯೂ ಗೆದ್ದಲು ಕಾಯುವುದಿಲ್ಲ. ಬಹು ಮನೆಗಳಲ್ಲಿ ಆ ಬಾಲ್ಯದ ಚರಿತ್ರೆಯು ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರವಿದೆ. ಆಕೆ ತೀರಿದ ದಿನ ಅದೂ ತೀರಿತು. ಶಾಸನಗಳನ್ನೂ ಕಡತಗಳನ್ನೂ ಸಂಗ್ರಹಿಸುವುದರಲ್ಲಿ ಆಸಕ್ತರಾದ ನಮ್ಮ ವಾಚಕ ಮಹಾಶಯರು ಈ ಚರಿತ್ರೆಯನ್ನೂ ಸಂಗ್ರಹಯೋಗ್ಯವೆಂದು ಬಗೆಯಬೇಕೆಂಬುದು ನನ್ನ ಪ್ರಾರ್ಥನೆ. ತಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ತನ್ನ ಪಾಡಿಗೆ ತಾನಿರುವವರೊಬ್ಬರಿದ್ದರೆ, ಅವರ ತಾಯಿಯೋ ಸೋದರತ್ತೆಯೋ ಹಳೆಯ ಮೇಷ್ಟರೋ ಬದುಕಿರುವಾಗಲೇ ಒಂದು ಸಂಜೆ ಹತ್ತಿರ ಕುಳಿತು ಕೇಳಿ: ಮಾತು ಎಂದು ಬಂದಿತು, ಯಾವುದಕ್ಕೆ ಹೆದರುತ್ತಿದ್ದರು, ಯಾವುದನ್ನು ಎಣಿಸುತ್ತಿದ್ದರು? ಕೇಳಿದುದನ್ನು ಅವರ ಮಾತಿನಲ್ಲಿಯೇ ಬರೆದು, ತಾರೀಖು ಹಾಕಿ, ಹೇಳಿದವರ ರುಜುವನ್ನೋ ಹೆಬ್ಬೆಟ್ಟನ್ನೋ ತೆಗೆದಿಡಿ. ಎರಡು ಪುಟವಾದರೆ ಸಾಕು.